ಮದುವೆಗೂ ಮಣ್ಣಿಗೂ ಒಂದೇ ಬಾಗಿಲು ಸಾಲದು: ಇಸ್ರೇಲಿನ ಕ್ನೆಸೆಟ್ ಸದಸ್ಯರಿಗೆ ಬಹಿರಂಗ ಪತ್ರ

ಇಸ್ರೇಲ್ ಸಂಸತ್ತಾದ ಕ್ನೆಸೆಟ್‌ನ ಮಾನ್ಯ ಸದಸ್ಯರಿಗೆ,

ಗೌರವಪೂರ್ವಕ ವಂದನೆಗಳು.

ನಾನು ಕರ್ನಾಟಕದ ಕರಾವಳಿಯವಳು. ನಿಮ್ಮ ದೇಶದ ದಕ್ಷಿಣದ ಒಂದು ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನೀವು ನಮ್ಮನ್ನು ಮೆತಾಪೆಲೆತ್ ಎನ್ನುತ್ತೀರಿ. ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಬಂದು ಇದೇ ಕೆಲಸದಲ್ಲಿರುವ ನನ್ನಂಥವರು ಇಲ್ಲಿ ಬಹಳ ಮಂದಿ ಇದ್ದೇವೆ. ನಮಗೆ ಇಲ್ಲಿ ಮತವಿಲ್ಲ, ನಮ್ಮ ಮಾತು ಕೇಳಬೇಕಾದ ಶಾಸಕರೂ ಇಲ್ಲ. ಆದರೂ ಬರೆಯುವ ಧೈರ್ಯ ಮಾಡಿದ್ದೇನೆ. ನಿಮ್ಮ ಹಿರಿಯರ ಕೊನೆಯ ವರ್ಷಗಳನ್ನು ಹತ್ತಿರದಿಂದ ನೋಡುವವರು ನಾವು. ಸೈರನ್ ಕೂಗಿದಾಗ ಗಾಲಿಕುರ್ಚಿ ತಳ್ಳಿಕೊಂಡು ಸುರಕ್ಷಿತ ಕೋಣೆಗೆ ಓಡುವವರು ನಾವು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರವೂ ನಮ್ಮಲ್ಲಿ ಹೆಚ್ಚಿನವರು ಅವರ ಹಾಸಿಗೆಯ ಪಕ್ಕ ಬಿಟ್ಟು ಹೋಗಲಿಲ್ಲ. ಮಕ್ಕಳ ಮುಂದೆ ಆಡಲಾರದ ಸಂಕಟವನ್ನು ಆ ಹಿರಿಯರು ನಮ್ಮ ಮುಂದೆ ಆಡುತ್ತಾರೆ.

ನನ್ನ ದೂರು ಒಂದೇ. ಈ ದೇಶದಲ್ಲಿ ಯೆಹೂದಿಯೊಬ್ಬರು ಮದುವೆಯಾಗಬೇಕಾದರೆ, ವಿಚ್ಛೇದನ ಪಡೆಯಬೇಕಾದರೆ ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಕಚೇರಿಯ ಹೊರತು ಬೇರೆ ದಾರಿಯನ್ನು ಕಾನೂನು ಇಟ್ಟಿಲ್ಲ. ಸತ್ತವರನ್ನು ಮಣ್ಣು ಮಾಡುವಾಗಲೂ ಹೆಚ್ಚಿನ ಊರುಗಳಲ್ಲಿ ಇದೇ ಸ್ಥಿತಿ. ಆ ಕಚೇರಿ ಒಪ್ಪದವರು ತಮ್ಮ ದೇಶದಲ್ಲೇ ಹೊರಗಿನವರಾಗುತ್ತಾರೆ.

ಧರ್ಮದ ಬಗ್ಗೆ ನನಗೆ ತಕರಾರಿಲ್ಲ. ನಾನೂ ದಿನಾ ಪ್ರಾರ್ಥನೆ ಮಾಡುವವಳು. ಇಲ್ಲಿಗೆ ಬಂದ ಹೊಸತರಲ್ಲಿ ಕೆಲಸ ಮಾಡಿದ್ದು ಬಹಳ ಕಟ್ಟುನಿಟ್ಟಿನ ಧಾರ್ಮಿಕ ಮನೆಯಲ್ಲಿ. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ತೊಳೆಯುವ ಸಿಂಕ್ ಕೂಡ ಬೇರೆ. ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚಿದ ಮೇಲೆ ಶನಿವಾರ ನಕ್ಷತ್ರ ಕಾಣುವವರೆಗೆ ದೀಪದ ಸ್ವಿಚ್ಚನ್ನೂ ಮುಟ್ಟುವಂತಿಲ್ಲ. ಅದನ್ನೆಲ್ಲ ನಾನು ಮನಸಾರೆ ಪಾಲಿಸಿದೆ. ಆ ಮನೆಯ ಅಜ್ಜ ನನ್ನನ್ನು ಮಗಳಂತೆ ನೋಡಿಕೊಂಡರು. ಶಬ್ಬಾತ್ ಎಂಬ ಈ ವಾರದ ವಿಶ್ರಾಂತಿ ದಿನ ಆ ಮನೆಗೆ ತರುತ್ತಿದ್ದ ನೆಮ್ಮದಿಯನ್ನು ನಾನು ಕಣ್ಣಾರೆ ಕಂಡವಳು. ಹಾಗಾಗಿ ಈ ಪತ್ರವನ್ನು ಧರ್ಮದ್ವೇಷ ಎಂದು ದಯವಿಟ್ಟು ಬದಿಗೆ ಸರಿಸಬೇಡಿ.

ಆಮೇಲೆ ನಾನು ಸೇರಿದ್ದು ಉಕ್ರೇನಿನಿಂದ ಬಂದ ವೃದ್ಧ ದಂಪತಿಯ ಮನೆಗೆ. ಅಜ್ಜನ ತಾಯಿ ಯೆಹೂದಿ. ಅಜ್ಜಿಗೆ ತಂದೆ ಯೆಹೂದಿ, ತಾಯಿ ಅಲ್ಲ. ಯುದ್ಧದ ಕಾಲದಲ್ಲಿ ಜರ್ಮನ್ ಸೈನ್ಯ ಬರುವ ಮೊದಲು ಖಾರ್ಕಿವ್‌ನಿಂದ ತಾಷ್ಕೆಂಟ್‌ಗೆ ರೈಲಿನಲ್ಲಿ ಪಾರಾದ ಮಗು ಆ ಅಜ್ಜಿ. ಸೋವಿಯತ್ ಪಾಸ್‌ಪೋರ್ಟಿನ ಐದನೇ ಸಾಲಿನಲ್ಲಿ ಅವರ ರಾಷ್ಟ್ರೀಯತೆ ಯೆಹೂದಿ ಎಂದೇ ದಾಖಲಾಗಿತ್ತು. ಆ ಒಂದು ಪದದಿಂದ ಬಯಸಿದ ಕಾಲೇಜು ಸಿಗಲಿಲ್ಲ, ಕೆಲಸದಲ್ಲಿ ಬಡ್ತಿ ಸಿಗಲಿಲ್ಲ ಎಂದು ಹೇಳುತ್ತಿದ್ದರು. 1990ರ ದಶಕದಲ್ಲಿ ಗಂಡ, ಮಗಳ ಜೊತೆ ಇಲ್ಲಿಗೆ ಬಂದರು. ಇಲ್ಲಿಯ ನೋಂದಣಿಯಲ್ಲಿ ಅವರ ಹೆಸರಿನ ಎದುರು ಬರೆದದ್ದು 'ಧರ್ಮವಿಲ್ಲ' ಎಂದು. ಅಲ್ಲಿ ಯೆಹೂದಿ ಎಂದು ತಳ್ಳಿಸಿಕೊಂಡವರು ಇಲ್ಲಿ ಯೆಹೂದಿಯಲ್ಲ ಎನಿಸಿಕೊಂಡರು.

ಇದು ಯಾರದೋ ಗುಮಾಸ್ತರ ತಪ್ಪಲ್ಲ, ನಿಮ್ಮ ಸದನವೇ ಮಾಡಿದ ಏರ್ಪಾಡು. ಯೆಹೂದಿಗಳಿಗೆ ಇಲ್ಲಿ ಬಂದು ನೆಲೆಸುವ ಹಕ್ಕು ಕೊಟ್ಟ 1950ರ ವಾಪಸಾತಿ ಕಾನೂನಿಗೆ 1970ರಲ್ಲಿ ತಿದ್ದುಪಡಿ ತಂದಿರಿ. ಯೆಹೂದಿ ತಾಯಿಗೆ ಹುಟ್ಟಿದವರು ಅಥವಾ ಮತಾಂತರವಾದವರು ಮಾತ್ರ ಯೆಹೂದಿ ಎಂದು ಅಲ್ಲಿ ಬರೆದಿರಿ. ಅದೇ ತಿದ್ದುಪಡಿಯಲ್ಲಿ ಯೆಹೂದಿಯ ಮಕ್ಕಳು, ಮೊಮ್ಮಕ್ಕಳು, ಅವರ ಗಂಡ ಹೆಂಡಿರು ಕೂಡ ಪೌರತ್ವ ಪಡೆಯಬಹುದು ಎಂದಿರಿ. ಕರೆದದ್ದು ಒಂದು ಅಳತೆಯಿಂದ, ಮದುವೆಯ ಹೊತ್ತಿಗೆ ಅಳೆಯುವುದು ಇನ್ನೊಂದರಿಂದ. ಈ ಎರಡು ಅಳತೆಗಳ ನಡುವೆ ಸಿಕ್ಕಿಕೊಂಡವರು ಇಂದು ನಾಲ್ಕು ಲಕ್ಷಕ್ಕೂ ಹೆಚ್ಚು. ಅವರು ತೆರಿಗೆ ಕಟ್ಟುತ್ತಾರೆ, ಹೀಬ್ರೂ ಮಾತಾಡುತ್ತಾರೆ, ಅವರ ಮಕ್ಕಳು ಸೈನ್ಯಕ್ಕೆ ಹೋಗುತ್ತಾರೆ.

ಈ ಮನೆಯ ಮೊಮ್ಮಗಳೂ ಹಾಗೆಯೇ ಸೈನ್ಯದಲ್ಲಿ ಸೇವೆ ಮುಗಿಸಿ ಬಂದವಳು. ಜೊತೆಗೆ ಸೇವೆ ಮಾಡಿದ ಹುಡುಗನನ್ನು ಮೆಚ್ಚಿದಳು. ಅವನು ಯೆಹೂದಿ. ಇವಳು ತಾಯಿಯ ತಾಯಿಯ ಕಾರಣದಿಂದ ಅಲ್ಲ. ರಬ್ಬಿಗಳ ಕಚೇರಿ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ನೀವು 2010ರಲ್ಲಿ ತಂದ ದಂಪತಿ ಒಡಂಬಡಿಕೆಯ ಕಾನೂನು ಇಬ್ಬರೂ 'ಧರ್ಮವಿಲ್ಲದವರು' ಆಗಿದ್ದರೆ ಮಾತ್ರ ಅನ್ವಯಿಸುತ್ತದೆ, ಹಾಗಾಗಿ ಅದೂ ಇವರಿಗೆ ಸಿಗಲಿಲ್ಲ. ಕೊನೆಗೆ ಸೈಪ್ರಸ್‌ಗೆ ಹೋಗಿ ಅಲ್ಲಿಯ ಪುರಸಭೆಯಲ್ಲಿ ಮದುವೆಯಾದರು. ಅಜ್ಜಿ ವಿಮಾನ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಒಬ್ಬಳೇ ಮೊಮ್ಮಗಳ ಮದುವೆಯನ್ನು ನನ್ನ ಫೋನಿನ ಪರದೆಯಲ್ಲಿ ನೋಡಿದರು. ಮತಾಂತರ ಮಾಡಿಕೊಳ್ಳಬಹುದಿತ್ತಲ್ಲ ಎಂದು ಕೆಲವರು ಅಂದರು. ನಂಬದ ಮಾತನ್ನು ನಂಬುತ್ತೇನೆಂದು ದೇವರ ಮುಂದೆ ಹೇಗೆ ಹೇಳಲಿ ಎಂದು ಆ ಹುಡುಗಿ ಕೇಳಿದಳು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನಿಮ್ಮಲ್ಲಿ ಇದ್ದರೆ ಹೇಳಿ. ಪ್ರಾಮಾಣಿಕವಾಗಿ ಮತಾಂತರವಾದವರ ಗತಿಯಾದರೂ ಏನಾಯಿತು? 2008ರಲ್ಲಿ ಉನ್ನತ ರಬ್ಬಿ ನ್ಯಾಯಾಲಯದ ಒಂದು ತೀರ್ಪು, ಸರಕಾರದ್ದೇ ಮತಾಂತರ ವ್ಯವಸ್ಥೆಯಲ್ಲಿ ಯೆಹೂದಿಗಳಾದ ಸಾವಿರಾರು ಜನರನ್ನು ಅನುಮಾನಕ್ಕೆ ನೂಕಿತು. ಸುಪ್ರೀಂ ಕೋರ್ಟ್ ಅದನ್ನು ಸರಿಪಡಿಸುವ ಹೊತ್ತಿಗೆ 2012 ಆಗಿತ್ತು.

ವಿದೇಶದಲ್ಲಿ ಆದ ಮದುವೆಯನ್ನು ಗೃಹ ಇಲಾಖೆ ನೋಂದಾಯಿಸಲೇಬೇಕು ಎಂದು ನಿಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 1963ರಲ್ಲಿ, ಫುಂಕ್-ಶ್ಲೆಸಿಂಗರ್ ಪ್ರಕರಣದಲ್ಲಿ. ಅದೂ ಸೈಪ್ರಸ್‌ನಲ್ಲಿ ಆದ ಮದುವೆಯೇ. ಅಂದಿನಿಂದ ಇಂದಿನವರೆಗೆ ನಿಮ್ಮ ಯುವಕ ಯುವತಿಯರು ಸಮುದ್ರ ದಾಟುತ್ತಲೇ ಇದ್ದಾರೆ. ಕೊರೊನಾ ಕಾಲದಲ್ಲಿ ಅಮೆರಿಕದ ಯೂಟಾ ರಾಜ್ಯದ ಅಧಿಕಾರಿಯೆದುರು ಜೂಮ್ ಮೂಲಕ ಮದುವೆಯಾಗುವ ದಾರಿ ಸಿಕ್ಕಿತು. ಅದನ್ನೂ ಗೃಹ ಇಲಾಖೆಯವರು ತಡೆಯಲು ನೋಡಿದರು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮದುವೆಗಳನ್ನೂ ನೋಂದಾಯಿಸಬೇಕೆಂದು ಆದೇಶಿಸಿತು. ಇಲ್ಲೇ ತಮ್ಮ ಮನೆಯ ಸೋಫಾದಲ್ಲಿ ಕುಳಿತ ಇಬ್ಬರು ಇಸ್ರೇಲಿಗರನ್ನು ಸಾವಿರಾರು ಮೈಲಿ ದೂರದ ಅಧಿಕಾರಿ ಮದುವೆ ಮಾಡಿಸಬಹುದು, ಬೇರ್ಶೆಬಾದ ನಿಮ್ಮದೇ ಅಧಿಕಾರಿ ಮಾಡಿಸುವಂತಿಲ್ಲ. ಯಾವ ಧರ್ಮಕ್ಕೆ ಇದರಿಂದ ರಕ್ಷಣೆ ಸಿಕ್ಕಿತು?

ಅಜ್ಜಿ ತೀರಿಕೊಂಡದ್ದು ಒಂದು ಚಳಿಗಾಲದ ರಾತ್ರಿ. ನಿಮ್ಮಲ್ಲಿ ಮಣ್ಣು ಮಾಡಲು ತಡಮಾಡುವುದಿಲ್ಲ, ಮರುದಿನವೇ ಎಲ್ಲ ಮುಗಿಯಬೇಕು. ಅಂತ್ಯಸಂಸ್ಕಾರ ನಡೆಸುವ ಸಂಸ್ಥೆಯವರು ಬಂದು ಕಾಗದ ನೋಡಿದರು. ಅವರ ಮಾತಿನಲ್ಲಿ ಒರಟುತನವಿರಲಿಲ್ಲ, ನಿಯಮವನ್ನು ಹೇಳಿದರು ಅಷ್ಟೆ. ಇವರನ್ನು ಯೆಹೂದಿಗಳ ಸಾಲಿನಲ್ಲಿ ಹೂಳುವಂತಿಲ್ಲ, ಬೇಲಿಯಾಚೆ ಬೇರೆ ಜಾಗವಿದೆ ಎಂದರು. ಮುಂದೆ ನಾನು ಅವಳ ಪಕ್ಕದಲ್ಲಿ ಮಲಗಬಹುದೇ ಎಂದು ಅಜ್ಜ ಕೇಳಿದರು. ನೀವು ಯೆಹೂದಿ, ನಿಮ್ಮ ಜಾಗ ಈಚೆ ಎಂದರು. ಅರವತ್ತು ವರ್ಷಕ್ಕೂ ಮೀರಿದ ದಾಂಪತ್ಯವದು. ಆ ಗಳಿಗೆಯಲ್ಲಿ ಅಜ್ಜ ವಾದ ಮಾಡಲಿಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು.

ಬದಲಿ ನಾಗರಿಕ ಅಂತ್ಯಸಂಸ್ಕಾರದ ಹಕ್ಕು 1996ರಿಂದಲೇ ಕಾನೂನಿನಲ್ಲಿದೆ. ದೇಶದ ಬೇರೆ ಬೇರೆ ಭಾಗಗಳಲ್ಲಿ, ಹೋಗಿಬರುವಷ್ಟು ಅಂತರದಲ್ಲಿ ಇಂಥ ಸ್ಮಶಾನಗಳಿರಬೇಕು ಎಂದು ನೀವೇ ಬರೆದಿದ್ದೀರಿ. ಬರೆದು ಕಾಲು ಶತಮಾನ ದಾಟಿತು. ಜಾಗಗಳು ಇಂದಿಗೂ ಕಡಿಮೆ, ಸಾವಿನ ಮನೆಯ ಗಡಿಬಿಡಿಯಲ್ಲಿ ಹುಡುಕಿಕೊಂಡು ಹೋಗುವುದು ಸಾಮಾನ್ಯ ಕುಟುಂಬಕ್ಕೆ ಆಗುವ ಮಾತಲ್ಲ. ಇಲ್ಲಿ ಹೊಸ ಕಾನೂನು ಕೂಡ ಬೇಕಾಗಿಲ್ಲ, ಹಳೆಯದನ್ನು ಜಾರಿ ಮಾಡಿದರೆ ಸಾಕು.

ವಿಚ್ಛೇದನದ ವಿಷಯದಲ್ಲಿ ಹೆಂಗಸರ ಪಾಡು ಇನ್ನೂ ಕಠಿಣ. 1953ರ ರಬ್ಬಿ ನ್ಯಾಯಾಲಯಗಳ ಕಾನೂನಿನ ಪ್ರಕಾರ ಯೆಹೂದಿಗಳ ಮದುವೆ, ವಿಚ್ಛೇದನ ಸಂಪೂರ್ಣವಾಗಿ ಆ ನ್ಯಾಯಾಲಯಗಳ ಕೈಯಲ್ಲಿದೆ. ಅಲ್ಲಿ ನ್ಯಾಯ ಹೇಳುವವರೆಲ್ಲ ಗಂಡಸರು. ಗಂಡ ತಾನಾಗಿ 'ಗೆಟ್' ಎಂಬ ಬಿಡುಗಡೆಪತ್ರವನ್ನು ಹೆಂಡತಿಯ ಕೈಗೆ ಕೊಡಬೇಕು. ಅವನು ಕೊಡಲೊಲ್ಲದಿದ್ದರೆ ಅವಳು ಅಗುನಾ, ಕಟ್ಟಿಹಾಕಲ್ಪಟ್ಟವಳು. ಆ ಸ್ಥಿತಿಯಲ್ಲಿ ಬೇರೊಬ್ಬನಿಂದ ಮಗುವಾದರೆ ಆ ಮಗು ಮಮ್ಝೇರ್. ಏನೂ ಅರಿಯದ ಕೂಸು ಬೆಳೆದು ದೊಡ್ಡದಾದ ಮೇಲೂ ಸಾಮಾನ್ಯ ಯೆಹೂದಿಯನ್ನು ಮದುವೆಯಾಗುವಂತಿಲ್ಲ. ಗಂಡಸಿಗೆ ಈ ಕಳಂಕದ ಭಯ ಇಷ್ಟಿಲ್ಲ. ಹಾಗಾಗಿ ಗೆಟ್ ಎಷ್ಟೋ ಮನೆಗಳಲ್ಲಿ ಚೌಕಾಸಿಯ ವಸ್ತುವಾಗುತ್ತದೆ. ಮನೆ ಬಿಟ್ಟುಕೊಡು, ಜೀವನಾಂಶ ಬಿಡು, ಆಗ ಕೊಡುತ್ತೇನೆ ಎನ್ನುತ್ತಾರೆ. 1995ರಲ್ಲಿ ನೀವು ಕಾನೂನು ತಂದು ಇಂಥವರ ಪಾಸ್‌ಪೋರ್ಟ್, ಚಾಲನಾ ಪರವಾನಗಿ ತಡೆಹಿಡಿಯಲು, ಜೈಲಿಗೆ ಕಳಿಸಲು ಅಧಿಕಾರ ಕೊಟ್ಟಿರಿ. ಅದು ಒಳ್ಳೆಯ ಕೆಲಸ. ಆದರೆ ಜೈಲಿಗೂ ಬಗ್ಗದವರಿದ್ದಾರೆ. ಹೆಂಡತಿಗೆ ಗೆಟ್ ಕೊಡಲೊಪ್ಪದೆ 32 ವರ್ಷ ಸೆರೆಮನೆಯಲ್ಲಿದ್ದು 1994ರಲ್ಲಿ ಸತ್ತ ಗಂಡನೊಬ್ಬನ ಕತೆ ನಿಮಗೇ ಗೊತ್ತು. ಅಷ್ಟೂ ವರ್ಷ ಆ ಹೆಂಡತಿಯೂ ಸೆರೆಯಲ್ಲೇ ಇದ್ದಳು. ಸೈಪ್ರಸ್‌ನಲ್ಲಿ ಮದುವೆಯಾದವರಿಗೂ ಬಿಡುಗಡೆಯಿಲ್ಲ. ಇಬ್ಬರೂ ಯೆಹೂದಿಗಳಾಗಿದ್ದರೆ ಬೇರೆಯಾಗಲು ಅದೇ ರಬ್ಬಿ ನ್ಯಾಯಾಲಯಕ್ಕೆ ಬರಬೇಕು.

ಈ ಕಟ್ಟು ಯೆಹೂದಿಗಳಿಗೆ ಮಾತ್ರವೂ ಅಲ್ಲ. ಮುಸ್ಲಿಮರಿಗೆ ಶರಿಯಾ ನ್ಯಾಯಾಲಯ, ದ್ರೂಜರಿಗೆ ಅವರದು, ಕ್ರೈಸ್ತರಿಗೆ ಚರ್ಚುಗಳದ್ದು. ಒಟ್ಟೋಮನ್ ಸುಲ್ತಾನರ ಪದ್ಧತಿಯನ್ನು ಬ್ರಿಟಿಷರು ಮುಂದುವರಿಸಿದರು, ನೀವು ಅದನ್ನೇ ಉಳಿಸಿಕೊಂಡಿರಿ. ಉಳಿಸಿಕೊಳ್ಳುವಾಗ ಒಂದು ಕಿಂಡಿಯನ್ನು ಮಾತ್ರ ಮುಚ್ಚಿದಿರಿ. ಬ್ರಿಟಿಷರ ಕಾಲದಲ್ಲಿ ಅಧಿಕೃತ ಯೆಹೂದಿ ಸಮುದಾಯದ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳಲು ಅವಕಾಶವಿತ್ತು. ಅದನ್ನು ಬಳಸಿ ಹೊರಗುಳಿದವರಲ್ಲಿ ಅಗುದತ್ ಇಸ್ರೇಲ್ ಎಂಬ ಧಾರ್ಮಿಕ ಪಕ್ಷದ ಕಟ್ಟಾ ಧಾರ್ಮಿಕರೇ ಇದ್ದರು. ಅಂದಿನ ಸಮುದಾಯ ಸಂಸ್ಥೆ ತಮ್ಮ ನಂಬಿಕೆಗೆ ಹೊಂದುವುದಿಲ್ಲ ಎಂದು ಆತ್ಮಸಾಕ್ಷಿಯ ಹೆಸರಿನಲ್ಲಿ ಅವರು ಹೊರಬಂದರು. ಅವರಿಗೆ ಅಂದು ದೊರೆತ ಆ ಹಕ್ಕನ್ನು ಇಂದು ಇತರರಿಗೆ ನಿರಾಕರಿಸುವುದು ಹೇಗೆ ಸರಿ? ಸದನದಲ್ಲಿರುವ ಧಾರ್ಮಿಕ ಪಕ್ಷಗಳ ಸದಸ್ಯರನ್ನು ನಾನು ವಿಶೇಷವಾಗಿ ಈ ಮಾತು ಕೇಳುತ್ತೇನೆ.

ಯಥಾಸ್ಥಿತಿಯ ಪತ್ರವನ್ನು ನೀವು ಪ್ರತಿ ಚರ್ಚೆಯಲ್ಲೂ ಮುಂದಿಡುತ್ತೀರಿ. 1947ರ ಜೂನ್ 19ರಂದು, ಮುಂದೆ ನಿಮ್ಮ ಮೊದಲ ಪ್ರಧಾನಿಯಾದ ಬೆನ್ ಗುರಿಯನ್ ಮತ್ತು ಇನ್ನಿಬ್ಬರು ಮುಖಂಡರು ಅಗುದತ್ ಇಸ್ರೇಲ್‌ಗೆ ಬರೆದ ಪತ್ರವದು. ಶಬ್ಬಾತ್, ಸರಕಾರಿ ಅಡುಗೆಮನೆಗಳಲ್ಲಿ ಕೋಶರ್ ಅಂದರೆ ಧರ್ಮದ ನಿಯಮದಂತೆ ಆಹಾರ, ಮದುವೆ, ಶಿಕ್ಷಣ ಈ ನಾಲ್ಕರ ಬಗ್ಗೆ ಭರವಸೆ ಕೊಟ್ಟರು. ಆದರೆ ಅದೇ ಪತ್ರದ ಮೊದಲ ಭಾಗದಲ್ಲಿ ಇನ್ನೊಂದು ಮಾತಿದೆ. ಎಲ್ಲ ನಾಗರಿಕರ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕಾಪಾಡದೆ ಈ ರಾಜ್ಯಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಸಿಗದು, ಧರ್ಮಗುರುಗಳ ಆಡಳಿತ ಸ್ಥಾಪಿಸುವ ಉದ್ದೇಶ ನಮಗಿಲ್ಲ ಎಂಬರ್ಥದ ಮಾತು. ಮುಂದಿನ ವರ್ಷ ಮೇ 14ರ ಸ್ವಾತಂತ್ರ್ಯ ಘೋಷಣೆಯಲ್ಲೂ ಧರ್ಮ ಮತ್ತು ಆತ್ಮಸಾಕ್ಷಿಯ ಸ್ವಾತಂತ್ರ್ಯದ ಭರವಸೆ ಬಂತು. 1948ರ ಅಕ್ಟೋಬರ್ 1ರೊಳಗೆ ಸಂವಿಧಾನ ಸಿದ್ಧವಾಗಬೇಕೆಂದು ಅದರಲ್ಲೇ ಇತ್ತು. ಆ ಸಂವಿಧಾನ ಇನ್ನೂ ಬಂದಿಲ್ಲ. ಒಂದೇ ಪತ್ರದ ಅರ್ಧವನ್ನು ಅಕ್ಷರಶಃ ಪಾಲಿಸಿ ಇನ್ನರ್ಧವನ್ನು ಮರೆತರೆ ಅದನ್ನು ಯಥಾಸ್ಥಿತಿ ಎನ್ನಲಾಗದು.

ನಿಮ್ಮ ಸದನಕ್ಕೆ ಶಕ್ತಿಯಿಲ್ಲ ಎಂದು ಮಾತ್ರ ಹೇಳಬೇಡಿ. ನಮ್ಮ ದೇಶದ ಕೊಂಕಣ ತೀರದಿಂದ ಬಂದ ಬೆನೆ ಇಸ್ರೇಲ್ ಯೆಹೂದಿಗಳ ಪ್ರಕರಣ ನೆನಪಿಸಿಕೊಳ್ಳಿ. ಬೇರ್ಶೆಬಾ, ದಿಮೋನಾ, ಅಶ್ದೋದ್, ಲೋದ್ ಕಡೆ ಇಂದಿಗೂ ಮನೆಯಲ್ಲಿ ಮರಾಠಿ ಆಡುವ ಹಿರಿಯರು ಸಿಗುತ್ತಾರೆ. ನಾನು ಸಾಸಿವೆ, ಕರಿಬೇವು, ಗೋಧಿಹಿಟ್ಟು ತರುವುದು ಅವರ ಅಂಗಡಿಯಿಂದಲೇ. 1962ರಲ್ಲಿ ಮುಖ್ಯ ರಬ್ಬಿ ಮಂಡಳಿ ಇವರ ಮದುವೆಗೆ ವಿಶೇಷ ಸೂಚನೆ ಹೊರಡಿಸಿತು. ತಾಯಿ, ತಾಯಿಯ ತಾಯಿ, ಹೀಗೆ ಸಾಧ್ಯವಾದಷ್ಟು ಹಿಂದಿನವರೆಗೆ ವಂಶ ವಿಚಾರಿಸಬೇಕು ಎಂಬುದು ಅದರ ಸಾರ. ಶತಮಾನಗಳ ಕಾಲ ಶನಿವಾರ ಗಾಣ ನಿಲ್ಲಿಸಿ ಶಬ್ಬಾತ್ ಉಳಿಸಿಕೊಂಡ ಜನರಿಗೆ, ಶನಿವಾರ ತೇಲಿ ಎಂದೇ ನೆರೆಯವರಿಂದ ಕರೆಸಿಕೊಂಡವರಿಗೆ, ಯೆಹೂದಿ ರಾಜ್ಯದಲ್ಲಿ ಈ ಅವಮಾನವಾಯಿತು. ಅವರು ಸುಮ್ಮನಿರಲಿಲ್ಲ. 1964ರ ಬೇಸಿಗೆಯಲ್ಲಿ ಜೆರುಸಲೇಮಿನಲ್ಲಿ ಧರಣಿ ಕೂತರು. ಪ್ರಧಾನಿ ಲೆವಿ ಎಶ್ಕೋಲ್ ಅವರ ಪರ ನಿಂತರು. ಆಗಸ್ಟ್‌ನಲ್ಲಿ ಕ್ನೆಸೆಟ್ ವಿಶೇಷವಾಗಿ ಸೇರಿ, ಇವರು ಎಲ್ಲ ರೀತಿಯಲ್ಲೂ ಯೆಹೂದಿಗಳು, ಮದುವೆಯ ವಿಷಯದಲ್ಲೂ ಸಮಾನರು ಎಂದು ನಿರ್ಣಯ ಮಾಡಿತು. ಅದೇ ತಿಂಗಳ ಕೊನೆಯಲ್ಲಿ ರಬ್ಬಿ ಮಂಡಳಿ ಸೂಚನೆಯಿಂದ ಅವರ ಹೆಸರನ್ನು ತೆಗೆಯಿತು.

ಅಂದರೆ ಸದನ ಗಟ್ಟಿಯಾಗಿ ಮಾತಾಡಿದಾಗ ರಬ್ಬಿಗಳು ಕೇಳಿದ್ದಾರೆ. ಆದರೆ ಅಂದು ತೆಗೆದದ್ದು ಹೆಸರನ್ನು ಮಾತ್ರ. ಅನುಮಾನ ಬಂದ ಯಾರನ್ನಾದರೂ ವಿಚಾರಿಸುವ ಅಧಿಕಾರ ಹಾಗೇ ಉಳಿಯಿತು. ಇಂದು ಅದೇ ವಿಚಾರಣೆಯ ಸರದಿ ರಷ್ಯ, ಉಕ್ರೇನ್, ಇಥಿಯೋಪಿಯಾದಿಂದ ಬಂದವರದ್ದು.

ರಬ್ಬಿಗಳ ಆತಂಕ ಹುಸಿಯೆಂದು ನಾನು ಹೇಳುವುದಿಲ್ಲ. ಯೆಹೂದಿ ಧರ್ಮಶಾಸ್ತ್ರವಾದ ಹಲಾಖಾ ಮೀರಿ ಮದುವೆ, ವಿಚ್ಛೇದನ ನಡೆದರೆ ಮುಂದೆ ಒಬ್ಬರ ಮಕ್ಕಳು ಇನ್ನೊಬ್ಬರ ಮಕ್ಕಳನ್ನು ಮದುವೆಯಾಗಲಾರದೆ ಜನಾಂಗವೇ ಎರಡಾಗುತ್ತದೆ ಎಂಬ ಭಯ ಅವರದು. ನಾನು ಮೊದಲು ಕೆಲಸ ಮಾಡಿದ ಮನೆಯ ಅಜ್ಜ ಇದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದರು. ಆದರೆ ಆ ಒಡಕು ಆಗಲೇ ಬಂದಿದೆ. ಸೈಪ್ರಸ್‌ಗೆ ಹೋದವರು, ಮದುವೆಯೇ ಬೇಡವೆಂದು ಸುಮ್ಮನೆ ಜೊತೆಗಿರುವವರು ನಿಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಒತ್ತಾಯದಿಂದ ಚುಪ್ಪಾ ಎಂಬ ಮದುವೆಯ ಚಪ್ಪರದ ಕೆಳಗೆ ನಿಂತವರ ಮನಸ್ಸಿನಲ್ಲಿ ಧರ್ಮದ ಬಗ್ಗೆ ಉಳಿಯುವುದು ಕಹಿ. ಧರ್ಮನಿಷ್ಠರೇ ಆಗಿದ್ದ ಪ್ರೊಫೆಸರ್ ಯೆಶಾಯಾಹು ಲೈಬೊವಿಟ್ಜ್, ಸರಕಾರದ ಹಿಡಿತದಿಂದ ಧರ್ಮವೇ ಕೆಡುತ್ತದೆ ಎಂದು ದಶಕಗಳ ಕಾಲ ವಾದಿಸಿದರು.

ನನ್ನ ದೇಶದಲ್ಲೂ ಮದುವೆಯ ಕಾನೂನು ಧರ್ಮಕ್ಕೊಂದರಂತೆ ಇದೆ. ಆದರೆ 1954ರಿಂದ ವಿಶೇಷ ವಿವಾಹ ಕಾಯ್ದೆ ಎಂಬ ಇನ್ನೊಂದು ಬಾಗಿಲೂ ಇದೆ. ನನ್ನ ಚಿಕ್ಕಪ್ಪನ ಮಗ ಬೇರೆ ಧರ್ಮದ ಹುಡುಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದ. ಯಾರೂ ಹೆಸರು, ಧರ್ಮ ಬದಲಿಸಲಿಲ್ಲ. ಆ ಕಾಯ್ದೆಯಲ್ಲಿ ಕೊರತೆಯಿದೆ. ಮೂವತ್ತು ದಿನ ನೋಟಿಸ್ ಹಾಕಬೇಕು, ಆ ಅವಧಿಯಲ್ಲಿ ಮನೆಯವರ ಬೆದರಿಕೆಗೆ ಎಷ್ಟೋ ಜೋಡಿಗಳು ನಲುಗುತ್ತವೆ. ಆದರೂ ಬಾಗಿಲಿದೆ. ಅದರಿಂದ ನಮ್ಮ ದೇವಸ್ಥಾನ, ಚರ್ಚು, ಮಸೀದಿಗಳಲ್ಲಿ ಮದುವೆ ನಿಲ್ಲಲಿಲ್ಲ. ಧರ್ಮಸ್ಥಳದಲ್ಲಿ ಪ್ರತಿ ವರ್ಷ ಸಾಮೂಹಿಕ ವಿವಾಹ ನಡೆಯುತ್ತಲೇ ಇದೆ. ನಿಮ್ಮಲ್ಲೂ ಚುಪ್ಪಾದ ಕೆಳಗೆ ನಿಲ್ಲಲು ಬಯಸುವವರು ನಿಂತೇ ನಿಲ್ಲುತ್ತಾರೆ.

ಹೆಚ್ಚಿನ ಊರುಗಳಲ್ಲಿ ಶಬ್ಬಾತ್ ದಿನ ನಿಲ್ಲುವ ಬಸ್ಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೈಫಾದಲ್ಲಿ ಮೊದಲಿಂದಲೂ ಬಸ್ ಓಡುತ್ತದೆ, ತೆಲ್ ಅವೀವ್ ಮತ್ತು ಸುತ್ತಲ ಕೆಲವು ಪುರಸಭೆಗಳು 2019ರಲ್ಲಿ ತಮ್ಮ ಖರ್ಚಿನಲ್ಲಿ ಶುರು ಮಾಡಿದವು. ಕಾರು ಇರುವವರಿಗೆ ಶನಿವಾರವೂ ರಸ್ತೆ ತೆರೆದಿದೆ. ತಾಯಿಯನ್ನು ನೋಡಲು ಆಸ್ಪತ್ರೆಗೆ ಹೋಗಬೇಕಾದ ಬಡವರಿಗೆ, ವಾರಕ್ಕೊಂದು ರಜೆ ಸಿಗುವ ನಮ್ಮಂಥವರಿಗೆ ಮಾತ್ರ ಮುಚ್ಚಿದೆ. ಇದನ್ನು ಆಯಾ ಊರಿನ ಜನರ ತೀರ್ಮಾನಕ್ಕೆ ಬಿಡಿ. ಆಸ್ಪತ್ರೆಯ ಮಾತೂ ಅಷ್ಟೆ. ಒಂದು ಪೆಸಾಹ್ ಹಬ್ಬದಲ್ಲಿ (ಆ ದಿನಗಳಲ್ಲಿ ಚಪಾತಿಯಂಥ ಸಾಮಾನ್ಯ ಗೋಧಿ ತಿನಿಸಿಗೆ ಧರ್ಮದ ನಿಷೇಧವಿದೆ) ಅಜ್ಜಿಯ ಜೊತೆ ರಾತ್ರಿ ಕಳೆಯಲು ಚಪಾತಿ ಕಟ್ಟಿಕೊಂಡು ಹೋದಾಗ ಕಾವಲುಗಾರ ಚೀಲ ಬಿಚ್ಚಿಸಿ ಹೊರಗಿಡಿಸಿದ. ಇಂಥ ಶೋಧ ಕೂಡದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ನೀವು ಕಾನೂನು ತಂದು ನಿರ್ಬಂಧ ಹಾಕುವ ಅಧಿಕಾರವನ್ನು ಆಸ್ಪತ್ರೆಗಳ ಮುಖ್ಯಸ್ಥರಿಗೆ ಕೊಟ್ಟಿರಿ. ಅಡುಗೆಮನೆ ಕೋಶರ್ ಇರಲಿ, ನಾನೂ ಬೆಂಬಲಿಸುತ್ತೇನೆ. ರೋಗಿಯ ಪಕ್ಕ ಎಚ್ಚರವಿರುವವರ ಬುತ್ತಿಗೆ ಕೈಹಾಕುವ ಅಗತ್ಯವೇನಿತ್ತು?

ದಾರಿ ಹುಡುಕಲು ನೀವು ಹೊಸದಾಗಿ ಕೂರಬೇಕಿಲ್ಲ. ಕಾನೂನು ಪ್ರಾಧ್ಯಾಪಕಿ ರೂತ್ ಗವಿಸೊನ್ ಮತ್ತು ರಬ್ಬಿ ಯಾಕೋವ್ ಮೆದಾನ್ ವರ್ಷಗಟ್ಟಲೆ ಮಾತುಕತೆ ನಡೆಸಿ 2003ರಲ್ಲಿ ಒಂದು ಒಡಂಬಡಿಕೆ ಪ್ರಕಟಿಸಿದರು. ಒಬ್ಬರು ಸೆಕ್ಯುಲರ್, ಇನ್ನೊಬ್ಬರು ಯೆಶಿವಾ ಎಂಬ ಧರ್ಮಪಾಠಶಾಲೆಯ ಗುರು. ಮದುವೆಯನ್ನು ಸರಕಾರ ನಾಗರಿಕವಾಗಿ ನೋಂದಾಯಿಸಲಿ, ಸಂಸ್ಕಾರ ಅವರವರ ಇಷ್ಟದಂತೆ ನಡೆಯಲಿ, ಹಲಾಖಾ ಪ್ರಕಾರ ಇನ್ನೂ ವಿವಾಹಿತರಾಗಿರುವವರು ಮಾತ್ರ ಮತ್ತೆ ಮದುವೆಯಾಗದಿರಲಿ ಎಂದರು. ಶಬ್ಬಾತ್‌ನಲ್ಲಿ ಅಂಗಡಿ, ಕಾರ್ಖಾನೆ ಮುಚ್ಚಿರಲಿ, ವಸ್ತುಸಂಗ್ರಹಾಲಯ, ಹೋಟೆಲು ತೆರೆದಿರಲಿ, ಕಡಿಮೆ ಸಂಖ್ಯೆಯಲ್ಲಿ ಬಸ್ ಓಡಲಿ ಎಂದರು. ಇಬ್ಬರೂ ತಮಗೆ ಪ್ರಿಯವಾದದ್ದನ್ನು ಬಿಟ್ಟುಕೊಟ್ಟು ಬರೆದದ್ದು ಅದು. ರಬ್ಬಿಯೊಬ್ಬರು ಒಪ್ಪಿ ಸಹಿ ಹಾಕಿದ ದಾರಿಯನ್ನು ಧರ್ಮವಿರೋಧಿ ಎಂದು ಯಾರೂ ಕರೆಯಲಾರರು.

ಆದ್ದರಿಂದ ನನ್ನ ಬಿನ್ನಹ ಇದು. ಆ ಒಡಂಬಡಿಕೆಯ ಮದುವೆಯ ಭಾಗವನ್ನು ಮಸೂದೆಯ ರೂಪದಲ್ಲಿ ಸದನದ ಮುಂದೆ ತನ್ನಿ. ಪಕ್ಷದ ವಿಪ್ ಇಲ್ಲದೆ, ಪ್ರತಿಯೊಬ್ಬ ಸದಸ್ಯರೂ ತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಲಿ. ಬೇಕೆಂದವರಿಗೆ ರಬ್ಬಿಯ ಬಾಗಿಲು ಈಗಿರುವಂತೆಯೇ ಇರಲಿ, ಪಕ್ಕದಲ್ಲಿ ಸರಕಾರದ ಬಾಗಿಲೂ ತೆರೆಯಲಿ. ಗೆಟ್ ಕೊಡದೆ ಸತಾಯಿಸುವವರ ಚೌಕಾಸಿಗೆ ಬೆಲೆ ಸಿಗದಂತೆ, ಮಕ್ಕಳ ಪಾಲನೆ, ಆಸ್ತಿ, ಜೀವನಾಂಶದ ತೀರ್ಮಾನ ನಾಗರಿಕ ನ್ಯಾಯಾಲಯದಲ್ಲೇ ಮೊದಲು ಆಗಲಿ.

ಮಣ್ಣಿನ ವಿಷಯ ಇಷ್ಟು ಕಾಯಲಾರದು. 1996ರ ಕಾನೂನಿನಂತೆ ಪ್ರತಿ ಪ್ರದೇಶದಲ್ಲೂ ಗಂಡ ಹೆಂಡತಿ ಧರ್ಮದ ಕಾಗದ ತೋರಿಸದೆ ಪಕ್ಕಪಕ್ಕದಲ್ಲಿ ಮಲಗಬಹುದಾದ ಜಾಗ ಗುರುತಿಸಿ, ಅದಕ್ಕೆ ದಿನಾಂಕ ನಿಗದಿ ಮಾಡಿ, ಆಗಲೇ ಬೇರೆಯಾಗಿ ಹೂಳಲ್ಪಟ್ಟವರನ್ನು ಕುಟುಂಬ ಬಯಸಿದರೆ ಅಲ್ಲಿಗೆ ತರಲು ಅನುಮತಿ ಕೊಡಿ. ನಾನು ನೋಡಿಕೊಳ್ಳುತ್ತಿರುವ ಅಜ್ಜನಿಗೆ ತೊಂಬತ್ತು ದಾಟಿದೆ. ಅವರು ಈಗಾಗಲೇ ಅರ್ಜಿ ಬರೆದಿಟ್ಟಿದ್ದಾರೆ. ಅದನ್ನು ಯಾವ ಕಚೇರಿಗೆ ಕೊಡಬೇಕು ಎಂಬುದನ್ನಾದರೂ ತಿಳಿಸಬೇಕೆಂದು ಕೋರುತ್ತೇನೆ.

ಇಂತು ವಿನಯದಿಂದ,
ಕರಾವಳಿ ಕರ್ನಾಟಕದಿಂದ ಬಂದ ಒಬ್ಬ ಮೆತಾಪೆಲೆತ್